ಬಾಗಲೂರಿನ ಅಂಗೈ ಡಂಗುರ

ಪುಷ್ಯಮಾಸದ ಚಳಿ ಹತ್ತುತ್ತಿದ್ದಂತೆಯೇ ಬೆಂಗಳೂರಿಗರ ಮೂಗು ಎಚ್ಚರಗೊಳ್ಳುತ್ತದೆ. ಬೀದಿಯ ತಿರುವಿನಲ್ಲಿ ಅವರೆಕಾಯಿಯ ರಾಶಿ ಕಣ್ಣಿಗೆ ಬೀಳುವುದಕ್ಕೆ ಮೊದಲೇ ಅದರ ಸೊಗಡು ಬಂದು ಕೈಹಿಡಿದು ಕರೆಯುತ್ತದೆ. ಈ ವಾಸನೆಗಿಂತ ಉತ್ತಮವಾದ ಜಾಹೀರಾತನ್ನು ಯಾವ ವ್ಯಾಪಾರಿಯೂ ಇದುವರೆಗೆ ಕಂಡುಹಿಡಿದಿಲ್ಲವೆಂದೇ ನಾನು ನಂಬಿದ್ದೆನು. ಕಳೆದ ಚಳಿಗಾಲದಲ್ಲಿ ಬಾಗಲೂರಿಗೆ ಹೋಗಿಬಂದ ಮೇಲೆ ಆ ನಂಬಿಕೆ ಸ್ವಲ್ಪ ಸಡಿಲವಾಗಿದೆ.

ಬಾಗಲೂರು ನನ್ನ ಚಿಕ್ಕಪ್ಪನ ಮಗಳನ್ನು ಕೊಟ್ಟ ಊರು. ಅವಳಿಂದ ಒಂದು ಬೆಳಿಗ್ಗೆ ನನ್ನ ಮೊಬೈಲಿಗೆ ಎರಡು ಸಾಲು ಬಂದವು: “ಅಣ್ಣಯ್ಯ, ಈ ಭಾನುವಾರ ಅತ್ತಿಗೆಯನ್ನು ಕರೆದುಕೊಂಡು ಅವರೆಯ ಊಟಕ್ಕೆ ಬನ್ನಿ. ಅಂಗಡಿಯ ಲೆಕ್ಕವನ್ನೂ ಒಮ್ಮೆ ನೋಡಬೇಕು.” ಮೊದಲನೆಯ ಸಾಲಿನಲ್ಲಿ ಅಕ್ಕರೆಯಿತ್ತು, ಎರಡನೆಯದರಲ್ಲಿ ಕಳವಳವಿತ್ತು. ಮೂವತ್ತು ವರ್ಷ ಲೆಕ್ಕದ ಪುಸ್ತಕಗಳ ನಡುವೆ ಬಾಳಿ ನಿವೃತ್ತನಾದವನಿಗೆ ಇಂತಹ ಸಾಲುಗಳ ಅರ್ಥ ಬೇಗನೆ ತಿಳಿಯುತ್ತದೆ. ನನ್ನ ಹೆಂಡತಿಗೆ ಅವರೆಯ ಸಾಲೊಂದೇ ಸಾಕಾಗಿತ್ತು. ಭಾನುವಾರ ಮುಂಜಾನೆ ಮಲ್ಲೇಶ್ವರದಿಂದ ಹೊರಟೆವು.

ಬಳ್ಳಾರಿ ರಸ್ತೆಯಲ್ಲಿ

ಹೆಬ್ಬಾಳದ ಕೆರೆಯ ಮೇಲೆ ಇನ್ನೂ ಮಂಜು ಕವಿದಿತ್ತು. ಮೇಲುಸೇತುವೆಯಿಂದ ಇಳಿದು ಬಳ್ಳಾರಿ ರಸ್ತೆಯನ್ನು ಹಿಡಿದರೆ ಸ್ವಲ್ಪ ದೂರದಲ್ಲಿಯೇ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಬರುತ್ತದೆ. 1964ರಲ್ಲಿ ಹುಟ್ಟಿದ ಕೃಷಿ ವಿಶ್ವವಿದ್ಯಾನಿಲಯದ ನೆಲೆಯಿದು. ಬಯಲುಸೀಮೆಯ ರೈತರು ಕೃಷಿಮೇಳಕ್ಕೆಂದು ಬುತ್ತಿ ಕಟ್ಟಿಕೊಂಡು ಬರುವ ಸ್ಥಳ. ಅಲ್ಲಿಂದ ಮುಂದೆ ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಸುವ ಶಾಲೆ. ಯಲಹಂಕದಲ್ಲಿ ವಾಯುಪಡೆಯ ನೆಲೆ. 1996ರಿಂದ ವಿಮಾನ ಪ್ರದರ್ಶನ ನಡೆಯುತ್ತ ಬಂದಿರುವುದು ಇಲ್ಲಿಯೇ. ನೆಲವನ್ನು ನಂಬಿದವರ ಶಾಲೆಯೂ ಆಕಾಶವನ್ನು ನಂಬಿದವರ ಶಾಲೆಯೂ ಹೀಗೆ ಒಂದೇ ರಸ್ತೆಯಲ್ಲಿ ನೆರೆಹೊರೆಯಾಗಿರುವುದನ್ನು ಕಂಡು ನನ್ನ ಹೆಂಡತಿ, “ಇಲ್ಲಿನ ಹುಡುಗರಿಗೆ ತಲೆ ತಗ್ಗಿಸುವುದೋ ಎತ್ತುವುದೋ ಎಂಬುದೇ ಗೊಂದಲವಾಗಬಹುದು,” ಎಂದಳು. ಆ ಮಾತಿನ ಸತ್ಯ ಸಂಜೆಯವರೆಗೂ ನಮ್ಮನ್ನು ಹಿಂಬಾಲಿಸಿತು.

ಯಲಹಂಕವನ್ನು ದಾಟುವ ಮುನ್ನ ಓದುಗರಿಗೆ ಒಂದು ಎಚ್ಚರಿಕೆ. ಹೆದ್ದಾರಿಯ ಮೇಲೆ ‘ಬಾಗಲೂರು ಕ್ರಾಸ್’ ಎಂಬ ಹೆಸರನ್ನು ಕಂಡು, ಊರು ಬಂದಿತೆಂದು ಬಸ್ಸಿನಿಂದ ಇಳಿದುಬಿಡಬಾರದು. ಅದು ಬಾಗಲೂರಿಗೆ ತಿರುಗುವ ಕವಲು ಮಾತ್ರ. ಊರು ಅಲ್ಲಿಂದ ಇನ್ನೂ ಏಳೆಂಟು ಕಿಲೋಮೀಟರು ಪೂರ್ವಕ್ಕಿದೆ. ವಿಮಾನ ನಿಲ್ದಾಣದ ಕಡೆಯ ಮೆಟ್ರೋ ಮಾರ್ಗದ ನಿಲ್ದಾಣಗಳ ಪಟ್ಟಿಯಲ್ಲಿಯೂ ಈ ಕ್ರಾಸಿನ ಹೆಸರೇ ಇದೆ. ಇದು ಸಾಲದೆಂಬಂತೆ, ನಗರದ ಇನ್ನೊಂದು ದಿಕ್ಕಿನಲ್ಲಿ, ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ, ಹೊಸೂರಿನಿಂದ ಮಾಲೂರಿಗೆ ಹೋಗುವ ದಾರಿಯಲ್ಲಿ ಮತ್ತೊಂದು ಬಾಗಲೂರಿದೆ. ಹೆಸರು ಒಂದೇ ಆದರೆ ನಷ್ಟವೇನೆಂದು ಕೇಳಬಹುದು. ನಷ್ಟವೆಷ್ಟೆಂಬುದನ್ನು ನನ್ನ ತಂಗಿ ರೂಪಾಯಿ ಪೈಸೆಗಳಲ್ಲಿ ಹೇಳಬಲ್ಲಳು.

ಕ್ರಾಸಿನಲ್ಲಿ ಬಲಕ್ಕೆ ಹೊರಳಿ, ಕಟ್ಟಿಗೇನಹಳ್ಳಿಯ ವಿಶ್ವವಿದ್ಯಾಲಯದ ಮುಂದೆ ಗಿಜಿಗುಡುವ ಯುವಜನರನ್ನು ದಾಟಿ ಮುನ್ನಡೆದೆವು. ನಾನು ಮೊದಲ ಬಾರಿ ಈ ದಾರಿಯಲ್ಲಿ ಬಂದದ್ದು ತಂಗಿಯ ಮದುವೆಗೆ. ಆಗ ಎರಡು ಕಡೆಯೂ ರಾಗಿಯ ಹೊಲ, ನಡುನಡುವೆ ದ್ರಾಕ್ಷಿಯ ಚಪ್ಪರ. ಈಗ ಹೊಲಗಳ ಜಾಗದಲ್ಲಿ ನಿವೇಶನಗಳ ಕಲ್ಲುಗಳು ನಾಟಿಗೊಂಡಿವೆ. ಹತ್ತು ಹನ್ನೆರಡು ಅಂತಸ್ತಿನ ವಸತಿಸಮುಚ್ಚಯಗಳು ಎದ್ದುನಿಂತಿವೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದಂದಿನಿಂದ ಈ ಸೀಮೆಯ ಮಣ್ಣಿಗೆ ಬೆಳೆಯ ಲೆಕ್ಕದಲ್ಲಿ ಬೆಲೆಕಟ್ಟುವವರು ಕಡಿಮೆಯಾದರು. ಚದರಡಿಯ ಲೆಕ್ಕದಲ್ಲಿ ಕಟ್ಟುವವರು ಹೆಚ್ಚಿದರು. ಕೈಗಾರಿಕಾ ಪ್ರದೇಶಗಳು ಬಂದವು, ವಿಮಾನದ ಬಿಡಿಭಾಗಗಳ ಕಾರ್ಖಾನೆಗಳು ಬಂದವು. ಎಲ್ಲರೂ ಮನಸಾರೆ ಕೊಟ್ಟರೆಂದು ಹೇಳಲಾಗದು. ಇದೇ ಸೀಮೆಯ ಚನ್ನರಾಯಪಟ್ಟಣ ಹೋಬಳಿಯ ರೈತರು ವರ್ಷಗಟ್ಟಲೆ ಧರಣಿ ಕುಳಿತು, 1,777 ಎಕರೆಯ ಭೂಸ್ವಾಧೀನವನ್ನು ಸರ್ಕಾರ 2025ರ ಜುಲೈನಲ್ಲಿ ಕೈಬಿಡುವಂತೆ ಮಾಡಿದ್ದು ಇನ್ನೂ ಹೊಸ ಸಂಗತಿ.

ನನ್ನ ಭಾವನ ಜಮೀನು ಮಾತ್ರ ಅದಕ್ಕೆ ಬಹಳ ಮೊದಲೇ ಕೈಬಿಟ್ಟಿತ್ತು. ಬಂದ ಪರಿಹಾರ ಮನೆಗೂ ನಾದಿನಿಯ ಮದುವೆಗೂ ಆಸ್ಪತ್ರೆಗೂ ಹಂಚಿಹೋಯಿತು. ಭಾವನೂ ಉಳಿಯಲಿಲ್ಲ. ಉಳಿದದ್ದು ರಸ್ತೆಗೆ ಮುಖಮಾಡಿದ ಮನೆ, ಅದರ ಹಿಂದೆ ಅರ್ಧ ಎಕರೆ ದ್ರಾಕ್ಷಿ ಚಪ್ಪರ, ವಯಸ್ಸಾದ ಅತ್ತೆ ಮತ್ತು ಕಾಲೇಜಿಗೆ ಹೋಗುವ ಒಬ್ಬ ಮಗ.

ಹಿತಕುವ ಕೈಗಳು

ಮನೆಯ ಮುಂಭಾಗದ ಕೊಠಡಿಯೇ ಅಂಗಡಿ. ನಾವು ಹೋದಾಗ ಜಗುಲಿಯ ಮೇಲೆ ಆರು ಮಂದಿ ಹೆಂಗಸರು ವೃತ್ತಾಕಾರವಾಗಿ ಕುಳಿತಿದ್ದರು. ನಡುವೆ ರಾತ್ರಿಯೆಲ್ಲ ನೀರಿನಲ್ಲಿ ನೆನೆದ ಅವರೆಕಾಳಿನ ಪಾತ್ರೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಳನ್ನು ಹಿಡಿದು ಒಮ್ಮೆ ಹಿತಕಿದರೆ, ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಟಪ್ಪನೆ ತಟ್ಟೆಗೆ ಹಾರುತ್ತದೆ. ನೋಡಲು ಮಕ್ಕಳಾಟ, ಗಂಟೆಗಟ್ಟಲೆ ಮಾಡಲು ಬೆರಳಿನ ತಪಸ್ಸು. ಚೀಲದಷ್ಟು ಕಾಯಿ ಸುಲಿದರೆ ಬುಟ್ಟಿಯಷ್ಟು ಕಾಳು. ಹಿತಕಿದ ಮೇಲೆ ಅದೂ ತಗ್ಗುತ್ತದೆ. ಹೀಗೆ ತಗ್ಗಿ ತಗ್ಗಿ ಉಳಿದ ಬೇಳೆಗೆ ಆಯುಸ್ಸು ಒಂದು ದಿನ. ಸಂಜೆಯೊಳಗೆ ಮಾರಿಹೋಗದಿದ್ದರೆ ಮರುದಿನ ಅದರ ಮುಖವೇ ಬೇರೆ.

ನಗರದಲ್ಲಿ ಗಂಡಹೆಂಡಿರಿಬ್ಬರೂ ದುಡಿಯುವ ಮನೆಗಳಲ್ಲಿ ಹಿತಕಬೇಳೆಯ ಸಾರಿನ ಆಸೆ ಹೋಗಿಲ್ಲ. ಹಿತಕುವ ಪುರುಸೊತ್ತು ಹೋಗಿದೆ. ವಿಶ್ವೇಶ್ವರಪುರದ ಅವರೆಬೇಳೆ ಮೇಳಕ್ಕೆ ಪ್ರತಿವರ್ಷ ಜನ ಮುಗಿಬೀಳುವುದರ ಗುಟ್ಟೂ ಇದೇ. ಈ ಆಸೆಗೂ ಪುರುಸೊತ್ತಿಗೂ ನಡುವಿನ ಕಂದರದಲ್ಲಿ ನನ್ನ ತಂಗಿ ಅಂಗಡಿ ಇಟ್ಟಿದ್ದಾಳೆ. ಚಳಿಗಾಲದಲ್ಲಿ ಅವರೆ, ಉಳಿದ ದಿನಗಳಲ್ಲಿ ರಾಗಿಯ ಹುರಿಹಿಟ್ಟು, ಹಪ್ಪಳ, ಸಂಡಿಗೆ, ಕೋಡುಬಳೆ, ಕಾಲ ಬಂದಾಗ ದ್ರಾಕ್ಷಿ. ಬಂಡವಾಳ ಸ್ತ್ರೀಯರ ಸ್ವಸಹಾಯ ಸಂಘದ ಸಾಲ.

ಊಟಕ್ಕೆ ಮೊದಲೇ ಕಳವಳದ ಕಾರಣ ತಿಳಿಯಿತು. ಅವಳ ಮೈದುನ ಒಂದು ಸಲಹೆ ತಂದಿದ್ದನು. ಮುಂಭಾಗದ ಕೊಠಡಿಯನ್ನು ಮೊಬೈಲು ಮಾರುವವರು ಬಾಡಿಗೆಗೆ ಕೇಳುತ್ತಿದ್ದಾರೆ, ಮುಂಗಡವೂ ಒಳ್ಳೆಯದು, ತಿಂಗಳ ಮೊದಲ ತಾರೀಖು ಕೈಗೆ ಹಣ. “ಅತ್ತಿಗೆ ಬೆರಳು ಸವೆಸುವುದನ್ನು ನೋಡಲಾರೆ ಅಣ್ಣ,” ಎಂದು ಅವನು ನನ್ನೊಡನೆ ಹೇಳಿದನು. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಯುಗಾದಿಯೊಳಗೆ ಉತ್ತರ ಹೇಳಬೇಕು. ಕೊಠಡಿ ಹೋದರೆ ಅಂಗಡಿಯೂ ಹೋಯಿತು. ಜಗುಲಿಯ ಮೇಲಿನ ಆರು ಮಂದಿಯ ಕೂಲಿಯೂ ಹೋಯಿತು. ಲೆಕ್ಕ ನೋಡಲು ನನ್ನನ್ನು ಕರೆಸಿದ್ದು ಇದಕ್ಕಾಗಿ.

ಪೇಟೆಯಿಂದ ಅಂಗೈಗೆ

ಲೆಕ್ಕಕ್ಕೆ ಕೈಹಾಕುವ ಮುನ್ನ ಒಂದು ಹಳೆಯ ಮಾತು. ಯಲಹಂಕದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟಿದರೆಂದು ನಾವೆಲ್ಲ ಓದಿದ್ದೇವೆ. ಆ ಊರಿನ ಹಳೆಯ ಬೀದಿಗಳ ಹೆಸರನ್ನು ನೆನೆಯಿರಿ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಅಕ್ಕಿ ಬೇಕಾದವನು ಅಕ್ಕಿಪೇಟೆಗೆ ಹೋದರೆ ಸಾಕು. ಬೀದಿಯ ಹೆಸರೇ ಫಲಕ. ಹಳ್ಳಿಗಳಲ್ಲಿ ಸಂತೆಯ ದಿನವೇ ಪ್ರಚಾರ. ವಿಶೇಷವಿದ್ದರೆ ತಮಟೆ ಬಾರಿಸಿ ಡಂಗುರ ಸಾರುತ್ತಿದ್ದರು. ದೊಡ್ಡ ಉದ್ಯಮಗಳ ಡಂಗುರ ಇನ್ನೂ ದೊಡ್ಡದು. 1916ರಲ್ಲಿ ಮೈಸೂರು ಸಂಸ್ಥಾನ ಸ್ಥಾಪಿಸಿದ, ಇಂದು ಯಶವಂತಪುರದ ಬಳಿ ಇರುವ ಗಂಧದ ಸಾಬೂನಿನ ಕಾರ್ಖಾನೆ ಟ್ರಾಮಿನ ಟಿಕೆಟುಗಳ ಮೇಲೂ ಬೆಂಕಿಪೊಟ್ಟಣಗಳ ಮೇಲೂ ಜಾಹೀರಾತು ಮುದ್ರಿಸಿತ್ತಂತೆ. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿತ್ತಂತೆ.

ಒಂಟೆಯನ್ನು ಬಾಡಿಗೆಗೆ ತರಲಾರದ ವಿಧವೆಯೊಬ್ಬಳು ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಬಂದದ್ದು ಕಷ್ಟಕಾಲದಲ್ಲಿ.

2020ರ ಮಾರ್ಚ್ ತಿಂಗಳ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಿತಷ್ಟೆ. ಹಿತ್ತಲಿನ ಚಪ್ಪರದಲ್ಲಿ ದ್ರಾಕ್ಷಿ ಹಣ್ಣಾಗಿ ತೂಗುತ್ತಿತ್ತು. ಬೆಂಗಳೂರು ನೀಲಿ ಎಂಬ, 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ತಳಿ. ಕಪ್ಪು ನೀಲಿ ಬಣ್ಣ, ಬೀಜವುಂಟು, ಸಿಹಿಯೊಡನೆ ಒಂದು ವಿಶಿಷ್ಟವಾದ ಪರಿಮಳ. ಪ್ರತಿವರ್ಷ ಬರುತ್ತಿದ್ದ ವ್ಯಾಪಾರಿ ಬರಲಿಲ್ಲ. ಬಳ್ಳಿಯಲ್ಲಿಯೇ ಹಣ್ಣು ಬಾಡತೊಡಗಿತು. ಆಗಿನ್ನೂ ಶಾಲೆಯಲ್ಲಿದ್ದ ಮಗ ಒಂದು ಗೊಂಚಲಿನ ಚಿತ್ರ ತೆಗೆದು, ಹತ್ತಿರದ ವಸತಿಸಮುಚ್ಚಯದಲ್ಲಿದ್ದ ತನ್ನ ಸಹಪಾಠಿಗೆ ಕಳುಹಿಸಿದನು. ಸಹಪಾಠಿಯ ತಾಯಿ ಅದನ್ನು ಆ ಸಮುಚ್ಚಯದ ವಾಟ್ಸಾಪ್ ಬಳಗಕ್ಕೆ ಹಾಕಿದರು. ಸಂಜೆಯೊಳಗೆ ನಲವತ್ತು ಮನೆಗಳವರು ಹಣ್ಣು ಕೇಳಿದರು. ಮೂರು ದಿನಗಳಲ್ಲಿ ಚಪ್ಪರ ಬರಿದಾಯಿತು.

“ಅಣ್ಣಯ್ಯ, ಅಲ್ಲಿಯವರೆಗೆ ಆ ಎತ್ತರದ ಕಟ್ಟಡಗಳನ್ನು ಕಂಡರೆ ನಮ್ಮ ಹೊಲ ನುಂಗಿದವರೆಂದು ಹೊಟ್ಟೆ ಉರಿಯುತ್ತಿತ್ತು. ಅಂದು ಅವರ ಗೇಟಿನಲ್ಲಿ ಬುಟ್ಟಿ ಇಳಿಸಿದಾಗ, ನಮ್ಮಂತೆಯೇ ಹೆದರಿ ಕುಳಿತಿದ್ದ ಮನುಷ್ಯರು ಕಾಣಿಸಿದರು,” ಎಂದಳು ತಂಗಿ.

ಈಗ ಅವಳ ಪದ್ಧತಿ ಹೀಗಿದೆ. ರಾತ್ರಿ ಎಂಟು ಗಂಟೆಗೆ, “ನಾಳೆ ಹಿತಕಬೇಳೆ ಇದೆ, ಬೇಕಾದವರು ಹತ್ತು ಗಂಟೆಯೊಳಗೆ ತಿಳಿಸಿ,” ಎಂದು ನಾಲ್ಕು ವಸತಿಸಮುಚ್ಚಯಗಳ ಬಳಗಗಳಿಗೆ ಸುದ್ದಿ ಹೋಗುತ್ತದೆ. ಬಂದ ಬೇಡಿಕೆಯಷ್ಟೇ ಕಾಳನ್ನು ನೆನೆಹಾಕುತ್ತಾಳೆ. ಬೆಳಿಗ್ಗೆ ಹಿತಕಿ, ಹನ್ನೊಂದರೊಳಗೆ ತಲುಪಿಸುತ್ತಾಳೆ. ಮೊದಲು ಮಾಲು, ಆಮೇಲೆ ಗಿರಾಕಿ ಎಂಬ ಹಳೆಯ ಕ್ರಮ ಇಲ್ಲಿ ತಿರುವುಮುರುವಾಗಿದೆ. ಒಂದೇ ದಿನ ಬಾಳುವ ಪದಾರ್ಥಕ್ಕೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಕಸದ ಬುಟ್ಟಿಗೆ ಹೋಗುತ್ತಿದ್ದ ಬೇಳೆಯೇ ಅವಳ ಲಾಭವಾಗಿ ಉಳಿಯುತ್ತದೆ.

ಇನ್ನುಳಿದ ಉಪಾಯಗಳನ್ನು ಅವಳ ಮಗ ನನಗೆ ತಾಳ್ಮೆಯಿಂದ ವಿವರಿಸಿದನು. ಮೊಬೈಲಿನಲ್ಲಿ ‘ಸ್ಟೇಟಸ್’ ಎಂದು ಇಟ್ಟ ಚಿತ್ರ 24 ಗಂಟೆಗಳಲ್ಲಿ ಮಾಯವಾಗುತ್ತದೆ. ಆದುದರಿಂದ ದಿನದ ಸರಕಿಗೆ ಅದು ತಕ್ಕದ್ದು. ನೂರಾರು ಜನರಿಗೆ ಒಮ್ಮೆಗೇ ಸಂದೇಶ ಕಳುಹಿಸುವ ಪಟ್ಟಿಯೊಂದಿದೆ. ಆದರೆ ಅಂಗಡಿಯ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಬರೆದಿಟ್ಟುಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಸಣ್ಣ ವ್ಯಾಪಾರಿಗಳಿಗೆಂದೇ 2018ರಲ್ಲಿ ಹೊರಟ ವಾಟ್ಸಾಪಿನ ಬೇರೊಂದು ಬಗೆಯಲ್ಲಿ ಅಂಗಡಿಯ ವೇಳೆ, ವಿಳಾಸ, ಪದಾರ್ಥಗಳ ಚಿತ್ರ, ಬೆಲೆ ಎಲ್ಲವನ್ನೂ ಜೋಡಿಸಿಡಬಹುದು. ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ಗುರುತು ಮಾಡಲು ಹಣ ಕೊಡಬೇಕಾಗಿಲ್ಲ. “ಮಾವ, ಹಣ ಕೊಡದೆ ಆಗುವುದನ್ನು ಮೊದಲು ಮಾಡಬೇಕು, ಹಣ ಕೊಟ್ಟು ಮಾಡುವ ಜಾಹೀರಾತು ಆಮೇಲೆ,” ಎಂದನು ಹುಡುಗ. ಈ ವಿವೇಕ ಅವನಿಗೆ ಬಿಟ್ಟಿಯಾಗಿ ಬಂದದ್ದಲ್ಲ.

ಮೂರು ಪೆಟ್ಟು

ಮೊದಲನೆಯ ಪೆಟ್ಟು ಹೆಸರಿನದು. ಒಂದು ಜಾಲತಾಣದಲ್ಲಿ ಹಣ ಕೊಟ್ಟು ಜಾಹೀರಾತು ಹಾಕಿಸಿದಾಗ, ಯಾರಿಗೆ ತೋರಿಸಬೇಕೆಂಬ ಪ್ರಶ್ನೆಗೆ ಹುಡುಗ ‘ಬಾಗಲೂರು’ ಎಂದಷ್ಟೇ ಉತ್ತರಿಸಿದ್ದನು. ಹತ್ತು ದಿನ ಹಣ ಕರಗಿತು. ಬಂದ ಕರೆಗಳೆಲ್ಲ ಹೊಸೂರಿನ ಕಡೆಯವು. ಇತ್ತ ನಗರದಿಂದ ಬಂದ ಕೆಲವರು ಬಾಗಲೂರು ಕ್ರಾಸಿನಲ್ಲಿ ಇಳಿದು, ಅಂಗಡಿ ಕಾಣದೆ ಬೈದುಕೊಂಡು ಹಿಂದಿರುಗಿದರು. ಈಗ ಪ್ರತಿ ಚಿತ್ರದ ಕೆಳಗೂ “ಕ್ರಾಸ್ ಅಲ್ಲ, ಊರು, ಹೊಸೂರಿನದಲ್ಲ, ಯಲಹಂಕದ ಕಡೆಯದು,” ಎಂಬ ಸಾಲು ತಪ್ಪುವುದಿಲ್ಲ.

ಎರಡನೆಯ ಪೆಟ್ಟು ಮೋಸದ್ದು. ವಾಯುಪಡೆಯ ಅಧಿಕಾರಿಯೆಂದು ಹೇಳಿಕೊಂಡ ಒಬ್ಬನು ಅಂಗಡಿಯ ಪುಟವನ್ನು ಕಂಡು ದೊಡ್ಡ ಬೇಡಿಕೆ ಕೊಟ್ಟನು. ಯಲಹಂಕದ ನೆಲೆ ಹತ್ತಿರವಿರುವುದರಿಂದ ಯಾರಿಗೂ ಸಂಶಯ ಹುಟ್ಟಲಿಲ್ಲ. ಮುಂಗಡ ಕಳುಹಿಸುವೆನೆಂದು ಒಂದು ಚೌಕದ ಗುರುತನ್ನು ಕಳುಹಿಸಿ, “ಇದನ್ನು ಸ್ಕ್ಯಾನ್ ಮಾಡಿ ಗುಪ್ತಸಂಖ್ಯೆ ಒತ್ತಿರಿ,” ಎಂದನು. ಒತ್ತಿದೊಡನೆ ಹಣ ಬರುವ ಬದಲು ಹೋಯಿತು. ಸಂಘದ ಎರಡು ಕಂತಿನಷ್ಟು ಮೊತ್ತ. ಹಣ ಕೊಡುವುದಕ್ಕೆ ಮಾತ್ರ ಗುಪ್ತಸಂಖ್ಯೆ ಬೇಕು, ಪಡೆಯುವುದಕ್ಕೆ ಎಂದಿಗೂ ಬೇಡ ಎಂಬ ಪಾಠವನ್ನು ಇದನ್ನೋದುವ ಪ್ರತಿಯೊಂದು ಮನೆಯವರೂ ಬಿಟ್ಟಿಯಾಗಿ ಕಲಿತರೆ, ನನ್ನ ತಂಗಿಯ ನಷ್ಟ ಸಾರ್ಥಕವಾದಂತೆ. ಇಂತಹ ಮೋಸವಾದೊಡನೆ 1930 ಎಂಬ ಸಂಖ್ಯೆಗೆ ಕರೆಮಾಡಬೇಕು. ತಡವಾದಷ್ಟೂ ಹಣ ದೂರವಾಗುತ್ತದೆ.

ಮೂರನೆಯ ಪೆಟ್ಟು ಕೀರ್ತಿಯದು. ಅದೇ ಎಲ್ಲಕ್ಕಿಂತ ಬಲವಾದದ್ದು. ವಿಮಾನ ನಿಲ್ದಾಣದಿಂದ ಹಿಂದಿರುಗುತ್ತಿದ್ದ ಯುವಕನೊಬ್ಬ ಅಂಗಡಿಯಲ್ಲಿ ಅವರೆಬೇಳೆಯ ಉಪ್ಪಿಟ್ಟು ತಿಂದು, ಜಗುಲಿಯ ಹೆಂಗಸರ ಬೆರಳಾಟವನ್ನು ಅರ್ಧ ನಿಮಿಷದ ಚಲಚ್ಚಿತ್ರವಾಗಿ ಇನ್‌ಸ್ಟಾಗ್ರಾಂನಲ್ಲಿ ಹಾಕಿದನು. ಅದು ಎಲ್ಲಿಂದ ಎಲ್ಲಿಗೋ ಹರಿಯಿತು. ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ರಸ್ತೆಯ ಎರಡು ಬದಿಯಲ್ಲಿಯೂ ಕಾರುಗಳು! ಒಂಬತ್ತು ಗಂಟೆಗೆ ಬೇಳೆ ಮುಗಿಯಿತು. ಜನ ಮುಗಿಯಲಿಲ್ಲ.

ಇಲ್ಲಿ ತಂಗಿ ಮಾತು ನಿಲ್ಲಿಸಿ ನೆಲವನ್ನು ನೋಡಿದಳು. ಹಿಂದಿನ ದಿನ ಉಳಿದಿದ್ದ ಒಂದು ಪಾತ್ರೆ ಬೇಳೆ ಮೂಲೆಯಲ್ಲಿತ್ತು. “ಅಣ್ಣಯ್ಯ, ಅಷ್ಟು ಜನ ಮೊದಲ ಸಲ ಬಂದಿದ್ದರು, ಬರಿಗೈಯಲ್ಲಿ ಕಳುಹಿಸಲು ಮನಸ್ಸಾಗಲಿಲ್ಲ. ಎರಡು ಸಲ ತೊಳೆದು, ಹೊಸದರೊಡನೆ ಬೆರೆಸಿಬಿಟ್ಟೆ.” ಮಧ್ಯಾಹ್ನ ಅವಳ ಅತಿ ಹಳೆಯ ಗಿರಾಕಿ, 2020ರಲ್ಲಿ ದ್ರಾಕ್ಷಿಯ ಸುದ್ದಿಯನ್ನು ಬಳಗಕ್ಕೆ ಹಾಕಿದ ಆ ತಾಯಿ, ತಾವೇ ನಡೆದುಕೊಂಡು ಬಂದರು. ಪೊಟ್ಟಣವನ್ನು ಮೇಜಿನ ಮೇಲಿಟ್ಟು, “ಇದು ನಿಮ್ಮ ಬೇಳೆಯಲ್ಲ ಅಮ್ಮ,” ಎಂದಷ್ಟೇ ಹೇಳಿ, ಹಣ ಕೇಳದೆ ಹೊರಟುಹೋದರು. ಅದೇ ರಾತ್ರಿ ಅಂಗಡಿಯ ನಕ್ಷೆಯ ಗುರುತಿನ ಕೆಳಗೆ ಅಪರಿಚಿತರ ದೂರುಗಳು ಸಾಲಾಗಿ ಬಂದವು: ಸಿಗಲಿಲ್ಲ, ಹಳಸಿತ್ತು, ಇಷ್ಟು ದೂರ ಬಂದದ್ದು ವ್ಯರ್ಥ. ಆ ದೂರುಗಳನ್ನು ಓದಿ ಅವಳು ಅಳಲಿಲ್ಲವಂತೆ. ಆ ತಾಯಿಯ ಒಂದು ಮಾತಿಗೆ ಅತ್ತಳು.

ದೂರದ ಎರಡು ನಿದರ್ಶನಗಳು

ಹಾಗೆಂದು ಈ ಅಂಗೈ ಡಂಗುರವನ್ನು ದೂಷಿಸುವುದು ನ್ಯಾಯವಲ್ಲ. 2020ರ ಅಕ್ಟೋಬರಿನಲ್ಲಿ ಬೆಂಗಳೂರಿನ ಕನಕಪುರ ರಸ್ತೆಯ ಸಾರಕ್ಕಿಯ ಬಳಿ ಪಾದಚಾರಿ ಮಾರ್ಗದ ಮೇಲೆ ಸಸಿ ಮಾರುತ್ತಿದ್ದ ವೃದ್ಧರೊಬ್ಬರ ಚಿತ್ರ ಟ್ವಿಟ್ಟರಿನಲ್ಲಿ ಹರಡಿದಾಗ, ಕಂಡರಿಯದ ಜನ ಬಂದು ಸಸಿ ಕೊಂಡರು. ಅವರಿಗೆ ಮೇಜು, ಕುರ್ಚಿ, ನೆರಳಿಗೆ ಕೊಡೆ ಒದಗಿಸಿದರು. ಇದು ಕರುಣೆಯ ಶಕ್ತಿ. ಆದರೆ ಕರುಣೆ ಮಳೆಯಂತೆ; ಬಂದಾಗ ಬರುತ್ತದೆ, ಕರೆದಾಗ ಬರುವುದಿಲ್ಲ.

ಇನ್ನೊಂದು ನಿದರ್ಶನ ಬಾವಿಯಂತಹುದು. 2021ರಲ್ಲಿ ಬಾಳೆಕಾಯಿಗೆ ಬೆಲೆಯಿಲ್ಲದೆ ಉತ್ತರ ಕನ್ನಡ, ದಕ್ಷಿಣ ಕನ್ನಡದ ಬೆಳೆಗಾರರು ಕಂಗೆಟ್ಟಿದ್ದಾಗ, ಪುತ್ತೂರಿನ ‘ಅಡಿಕೆ ಪತ್ರಿಕೆ’ಯ ಸಂಪಾದಕ ಶ್ರೀ ಪಡ್ರೆಯವರ ಉತ್ತೇಜನದಿಂದ ವಾಟ್ಸಾಪ್ ಬಳಗಗಳಲ್ಲಿ ಒಂದು ಚಳವಳಿಯೇ ಹುಟ್ಟಿತು. ಬಾಳೆಕಾಯಿಯನ್ನು ಹೆಚ್ಚಿ, ಒಣಗಿಸಿ, ಹುಡಿಮಾಡಿ ಅಡುಗೆಗೆ ಬಳಸುವುದು. ‘ಬಾಳೆಕಾಯಿ ಹುಡಿ’ ಎಂಬುದನ್ನು ಚುಟುಕುಮಾಡಿ ‘ಬಾಕಾಹು’ ಎಂದು ಕರೆದರು. ಒಬ್ಬ ಗೃಹಿಣಿ ಮಾಡಿದ ದೋಸೆಯ ಚಿತ್ರ ನೂರು ಮನೆಗಳಿಗೆ ಹೋಯಿತು. ಆ ಮನೆಗಳಿಂದ ರೊಟ್ಟಿ, ಜಾಮೂನುಗಳ ಚಿತ್ರಗಳು ಹಿಂದಿರುಗಿದವು. ಆ ವರ್ಷದ ಜುಲೈನಲ್ಲಿ ಪ್ರಧಾನಮಂತ್ರಿಗಳು ತಮ್ಮ ರೇಡಿಯೋ ಭಾಷಣದಲ್ಲಿ ಈ ಮಹಿಳೆಯರನ್ನು ನೆನೆದರು. ಇಲ್ಲಿ ಗಮನಿಸಬೇಕಾದದ್ದು, ಚಿತ್ರಗಳೊಡನೆ ಮಾಡುವ ವಿಧಾನವೂ ಹರಿದಾಡಿತು. ನೋಡಿದವರು ನೋಡಿ ಸುಮ್ಮನಾಗಲಿಲ್ಲ, ತಾವೂ ಕೈಹಾಕಿದರು.

ಮುಂಭಾಗದ ಕೊಠಡಿಯ ತೀರ್ಪು

ಹಿತಕಬೇಳೆಯ ಸಾರು, ಮುದ್ದೆ, ಅವರೆಕಾಳಿನ ಪಲ್ಯ. ಊಟದ ವರ್ಣನೆಯನ್ನು ಬಿಟ್ಟಿರುವೆನೆಂದು ಓದುಗರು ಮನ್ನಿಸಬೇಕು. ಬರೆದರೆ ಲೆಕ್ಕಕ್ಕೆ ಸ್ಥಳವುಳಿಯದು. ಊಟವಾದ ಮೇಲೆ ಚಾಪೆ ಹಾಸಿ ಪುಸ್ತಕಗಳನ್ನು ಹರಡಿದೆವು.

ತಂಗಿಯ ಅತ್ತೆಗೆ ಓದುಬರಹ ಹೆಚ್ಚಿಲ್ಲ. ಆದರೆ ಮೊದಲ ವರ್ಷದಿಂದಲೂ ಒಂದು ದಪ್ಪ ನೋಟ್‌ಪುಸ್ತಕದಲ್ಲಿ ಪ್ರತಿ ಗಿರಾಕಿಯ ಹೆಸರು, ಮನೆಯ ಸಂಖ್ಯೆ, ಅವರು ಕೊಂಡದ್ದು, ಅವರಿಗೆ ಹಿಡಿಸಿದ್ದು ಎಲ್ಲವನ್ನೂ ಮೊಮ್ಮಗನಿಂದ ಬರೆಸಿಟ್ಟಿದ್ದರು. “ಆ ಮನೆಯ ಅಜ್ಜಿಗೆ ಎಳೆಯ ಕಾಳು”, “ಇವರಿಗೆ ಖಾರ ಕಡಿಮೆ” ಎಂಬಂತಹ ಟಿಪ್ಪಣಿಗಳು. ನಾನು ಆ ಪುಸ್ತಕವನ್ನು ಒಂದು ಕಡೆಗೂ, ಮೊಬೈಲಿನ ಹಣದ ಲೆಕ್ಕವನ್ನು ಇನ್ನೊಂದು ಕಡೆಗೂ ಇಟ್ಟುಕೊಂಡು ಎರಡು ಗಂಟೆ ಕಳೆದೆನು.

ಹಣದ ಲೆಕ್ಕ ಇಡಲು ತಂಗಿ ಮೊದಲು ಹೆದರಿದ್ದಳು. 2025ರ ಜುಲೈನಲ್ಲಿ ಮೊಬೈಲಿನ ಪಾವತಿಗಳನ್ನು ಆಧರಿಸಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆಯ ನೋಟಿಸುಗಳು ಬಂದಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳವರು ಚೌಕದ ಗುರುತನ್ನು ಕಿತ್ತು, “ನಗದು ಮಾತ್ರ” ಎಂದು ಬರೆದು ಅಂಟಿಸಿದ್ದರು. ಹಳೆಯ ಬಾಕಿಯನ್ನು ಸಣ್ಣ ವ್ಯಾಪಾರಿಗಳಿಂದ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಅದೇ ತಿಂಗಳು ಹೇಳಿದ ಮೇಲೆ ಗದ್ದಲ ತಣ್ಣಗಾಯಿತು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಮಾತ್ರ ನೋಂದಣಿಯ ಪ್ರಶ್ನೆ, ಹಸಿ ತರಕಾರಿಗೆ ತೆರಿಗೆಯೇ ಇಲ್ಲ ಎಂದು ನಾನು ಧೈರ್ಯ ಹೇಳಿದೆನು. ಬರೆದಿಟ್ಟ ಲೆಕ್ಕ ಭಯಕ್ಕೆ ಕಾರಣವಲ್ಲ; ಭಯಕ್ಕೆ ಔಷಧ.

ಕೂಡಿ ಕಳೆದಾಗ ಸಂಗತಿ ಸ್ಪಷ್ಟವಾಯಿತು. ಕಾರುಗಳ ಭಾನುವಾರದ ಗಳಿಕೆ ನೋಡಲು ದೊಡ್ಡದು. ಆದರೆ ಅಂದು ಹೆಚ್ಚಿನ ಬೆಲೆಗೆ ತಂದ ಕಾಯಿ, ಆಮೇಲೆ ಉಳಿದು ಕೆಟ್ಟದ್ದು, ಎಲ್ಲವನ್ನೂ ಕಳೆದರೆ ಸಾಮಾನ್ಯವಾದ ಒಂದು ವಾರದ ಲಾಭದಷ್ಟೂ ಇರಲಿಲ್ಲ. ಅಂದು ಬಂದವರಲ್ಲಿ ಮತ್ತೆ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ವರ್ಷದ ವ್ಯಾಪಾರದ ಬಹುಪಾಲು ಅತ್ತೆಯ ನೋಟ್‌ಪುಸ್ತಕದಲ್ಲಿದ್ದ ನೂರು ಚಿಲ್ಲರೆ ಮನೆಗಳಿಂದ ಬಂದಿತ್ತು. ಮೋಸದ ನಷ್ಟವನ್ನು ಕಳೆದ ಮೇಲೂ, ಮೊಬೈಲಿನ ಅಂಗಡಿಯವರು ಕೊಡುವ ಬಾಡಿಗೆಗಿಂತ ವರಮಾನ ತುಸು ಹೆಚ್ಚಾಗಿತ್ತು, ಬಹಳವೇನಲ್ಲ. ಆರು ಮಂದಿಯ ಕೂಲಿ ಅದಕ್ಕೆ ಹೊರತು.

“ಬಾಡಿಗೆಯಲ್ಲಿ ನಿಶ್ಚಯವುಂಟು, ಇದರಲ್ಲಿ ಶ್ರಮವುಂಟು. ತುಸು ಹೆಚ್ಚಿನ ಹಣಕ್ಕೆ ಇಷ್ಟು ಶ್ರಮ ಬೇಕೇ ಎಂಬುದನ್ನು ಲೆಕ್ಕ ಹೇಳಲಾರದು,” ಎಂದೆನು. ಮೈದುನ ಸುಮ್ಮನಿದ್ದನು. ತಂಗಿ ಅತ್ತೆಯ ಮುಖ ನೋಡಿದಳು. ಆ ವೃದ್ಧೆ ನೋಟ್‌ಪುಸ್ತಕವನ್ನು ಎಳೆದುಕೊಂಡು, “ಕೊಠಡಿ ಬಾಡಿಗೆಗೆ ಹೋದರೆ ಇದನ್ನೂ ಅವರಿಗೇ ಕೊಡಬೇಕೋ?” ಎಂದು ಕೇಳಿದರು. ಯಾರೂ ಉತ್ತರ ಹೇಳಲಿಲ್ಲ. ಉತ್ತರ ಎಲ್ಲರಿಗೂ ತಿಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ತಂಗಿ ಮಗನನ್ನು ಕರೆದು ಒಂದು ಸಂದೇಶ ಬರೆಸಿದಳು. ಎಲ್ಲ ಬಳಗಗಳಿಗೂ, ಅಂಗಡಿಯ ಪುಟಕ್ಕೂ ಅದು ಹೋಗಬೇಕಾಗಿತ್ತು: “ದಿನಕ್ಕೆ ಮೂವತ್ತು ಕಿಲೋ ಮಾತ್ರ ಹಿತಕುತ್ತೇವೆ. ಮುಗಿದರೆ ಮುಗಿಯಿತು. ಆ ಭಾನುವಾರ ಹಿಂದಿನ ದಿನದ ಬೇಳೆಯನ್ನು ಬೆರೆಸಿದ್ದು ನಮ್ಮ ತಪ್ಪು. ಅಂದು ಕೊಂಡವರು ಬಂದರೆ ಹೊಸ ಬೇಳೆ ಕೊಡುತ್ತೇವೆ.” ಮಗ ಅನುಮಾನಿಸಿ, “ತಪ್ಪೆಂದು ಎಲ್ಲರೆದುರು ಬರೆಯಬೇಕೇನಮ್ಮ?” ಎಂದನು. “ಡಂಗುರ ಒಳ್ಳೆಯದಕ್ಕೆ ಮಾತ್ರವೇನೋ?” ಎಂದಳು ಅವಳು. ಹುಡುಗ ಕಳುಹಿಸಿದನು.

ಸಂಜೆ ನಾವು ಹೊರಡುವ ವೇಳೆಗೆ ಏನೂ ಪವಾಡ ನಡೆದಿರಲಿಲ್ಲ. ನಾಲ್ಕಾರು ಜನ ಕೈಜೋಡಿಸಿದ ಚಿಹ್ನೆ ಕಳುಹಿಸಿದ್ದರು. ಒಬ್ಬರು ಇನ್ನೂ ಬೈದಿದ್ದರು. ಕಾರಿನ ಬಳಿ ನಿಂತಾಗ ನಮ್ಮ ತಲೆಯ ಮೇಲೆ ವಿಮಾನವೊಂದು ಇಳಿಯುವ ಸನ್ನಾಹದಲ್ಲಿ ತಗ್ಗಾಗಿ ಹಾದುಹೋಯಿತು. ಜಗುಲಿಯ ಹೆಂಗಸರು ತಲೆಯೆತ್ತಲೂ ಇಲ್ಲ. ನಾಳೆಯ ಕಾಳನ್ನು ಆರಿಸುತ್ತಿದ್ದರು. ಅಷ್ಟರಲ್ಲಿ ಮೊಬೈಲು ಸದ್ದುಮಾಡಿತು. ತಂಗಿ ಓದಿ, ಏನೂ ಹೇಳದೆ ಅದನ್ನು ನನ್ನ ಕೈಗಿತ್ತಳು. ಆ ಹಳೆಯ ಗಿರಾಕಿ ಬರೆದಿದ್ದರು: “ನಾಳೆ ಒಂದು ಕಿಲೋ. ಅತ್ತೆಗೆ ಎಳೆಯ ಕಾಳೇ ಇರಲಿ.”